ನಾಲ್ಕೆಕರೆ ಹೊಲ, ಮನೆಯಲ್ಲಿ ಸೇರು ಜ್ವಾಳ ಇಲ್ಲ

ವಾಚನಾಲಯದವರು ಈ ಸಲದ ಪುಸ್ತಕಕ್ಕೆ ನೀವೂ ಒಂದು ಬರೀರಿ ಅಂತ ಮನೆಗೆ ಬಂದು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ನಾನು ಓದಿದ್ದು ಹತ್ತನೇ ತರಗತಿ, ಅದೂ ತೆಲುಗು ಸಾಲಿಯಲ್ಲಿ. ಕನ್ನಡ ಅಕ್ಷರ ತಿದ್ದಿಸಿದವರು ರಾಯಚೂರು ಕಡೆಯ ನನ್ನ ಸೋದರಮಾವ. ಸೂಟಿಗೆ ಹೋದಾಗ ಕಟ್ಟೆಯ ಮೇಲೆ ಕೂಡಿಸಿಕೊಂಡು ಬರೆಸುತ್ತಿದ್ದರು. ತಪ್ಪು ಬರೆದರೆ ಕಿವಿ, ಸರಿ ಬರೆದರೆ ಒಂದು ಹಿಡಿ ಶೇಂಗಾ. ಅವರು ಕಲಿಸಿದ ಅಕ್ಷರದಲ್ಲಿ ಬರೆಯುವಷ್ಟು ದೊಡ್ಡ ಸಂಗತಿ ನನ್ನ ಹತ್ತಿರ ಏನೂ ಇಲ್ಲ. ಇರುವುದು ಒಂದೇ, ನಮ್ಮವ್ವನಿಗೆ ರೊಟ್ಟಿ ಹುಡುಕಿಕೊಂಡು ತಿರುಗಿದ್ದು. ಅದನ್ನೇ ಬರೀತೀನಿ.

ನಮ್ಮೂರು ಗಟ್ಟು ಮಂಡಲದ ಒಂದು ದೊಡ್ಡಿ. ಈ ಕಡೆ ಎಷ್ಟೋ ಊರುಗಳ ಹೆಸರು ದೊಡ್ಡಿ ಅಂತಲೇ ಮುಗಿಯುತ್ತದೆ. ದನ ಕೂಡುತ್ತಿದ್ದ ಜಾಗ ಹೋಗ್ತಾ ಹೋಗ್ತಾ ಊರಾದದ್ದು. ಈಗ ನಮ್ಮ ದೊಡ್ಡಿಯಲ್ಲಿ ದನ ಹುಡುಕಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

2022ರ ಮಳೆಗಾಲದಲ್ಲಿ ಅವ್ವನ ಕಾಲು ಹೆಬ್ಬೆರಳಿಗೆ ಕಲ್ಲು ತಾಗಿ ಗಾಯವಾಯಿತು. ಅರಿಷಿಣ ಹಚ್ಚಿದಳು, ಸುಣ್ಣ ಹಚ್ಚಿದಳು, ತಿಂಗಳಾದರೂ ಮಾಯಲಿಲ್ಲ. ರಾಯಚೂರಿಗೆ ಕರೆದುಕೊಂಡು ಹೋದೆ. ರಕ್ತ ತೆಗೆದು ನೋಡಿದ ಡಾಕ್ಟರು ಶುಗರ್ ಬಹಳ ಐತಿ ಅಂದರು. ಆಮೇಲೆ ಕೇಳಿದರು, "ಅವ್ವಗ ಮುಂಜಾನಿ ಏನು ಕೊಡ್ತೀರಿ?"

"ಉಪ್ಪಿಟ್ಟು, ಇಲ್ಲಾಂದ್ರ ರಾತ್ರಿ ಅನ್ನಕ್ಕ ಒಗ್ಗರಣಿ ಹಾಕಿ ಕೊಡ್ತೀವ್ರಿ."

"ಮಧ್ಯಾಹ್ನ?"

"ಅನ್ನ ಸಾರು."

"ರಾತ್ರಿ?"

ನಾನು ಸುಮ್ಮನಿದ್ದೆ. ಅವರೇ, "ಅನ್ನ" ಅಂದರು. "ನೀವು ರೈತರಲ್ಲೇನ್ರಿ? ಜ್ವಾಳದ ರೊಟ್ಟಿ ಕೊಡ್ರಿ, ಸೊಪ್ಪಿನ ಪಲ್ಯ ಕೊಡ್ರಿ, ಕಾಳು ಕೊಡ್ರಿ. ಅನ್ನ ಒಂದು ಹಿಡಿ ಸಾಕು. ಗುಳಿಗಿ ಮಾತ್ರ ಬಿಡಬ್ಯಾಡ್ರಿ, ರೊಟ್ಟಿ ಏನು ಔಷಧಿ ಅಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಡಕಿಗೆ ತಲೆ ಆನಿಸಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಯಾಕವ್ವ ಅಂದೆ. "ಅಲ್ಲೋ ಮಗಾ, ಅಂವ ಹೇಳಿದ್ದು ನಮ್ಮಪ್ಪನ ಮನಿ ಊಟ. ಬಡತನದಾಗ ಉಂಡದ್ದು. ಅದನ್ನ ಹೇಳಾಕ ಮುನ್ನೂರು ರೂಪಾಯಿ ತಗೊಂಡ" ಅಂದಳು.

ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಹೋಯಿತು. ಹೆಂಡತಿಗೆ, ನಾಳೆಯಿಂದ ಅವ್ವನಿಗೆ ರೊಟ್ಟಿ ಮಾಡು ಅಂದೆ. ಆಕೆ ನನ್ನ ಮುಖ ನೋಡಿ, "ಜ್ವಾಳ ಎಲ್ಲೈತಿ?" ಅಂದಳು.

ಎಲ್ಲಿದೆ? ನಮಗೆ ನಾಲ್ಕು ಎಕರೆ ಹೊಲ. ಬೋರಿನ ಕೆಳಗಿನ ಒಂದು ಎಕರೆಯಲ್ಲಿ ಸೀಡ್ ಹತ್ತಿ, ಉಳಿದ ಮೂರರಲ್ಲಿ ಮಳೆಯ ಮೇಲೆ ಬಿಟಿ ಹತ್ತಿ. ಬದುವಿನಿಂದ ಬದುವಿನವರೆಗೆ ಹತ್ತಿ. ನಮ್ಮ ಹೊಲದ ಆಚೆಯವರದೂ ಅದೇ, ಅವರಾಚೆಯವರದೂ ಅದೇ. ಮನೆಯಲ್ಲಿ ರೇಷನ್ ಅಕ್ಕಿ ಇತ್ತು. ತೆಲಂಗಾಣದಲ್ಲಿ ತಲೆಗೆ ಆರು ಕಿಲೋ ಲೆಕ್ಕ, ನಮ್ಮ ಕಾರ್ಡಿನಲ್ಲಿ ಐದು ಹೆಸರು, ತಿಂಗಳಿಗೆ ಮೂವತ್ತು ಕಿಲೋ. ಜ್ವಾಳ ಅನ್ನುವುದು ಒಂದು ಸೇರೂ ಇರಲಿಲ್ಲ. ಅವ್ವನ ಕಾಲದ ಗುಮ್ಮಿ ಅಟ್ಟದ ಮೇಲೆ ಇತ್ತು, ಅದರೊಳಗೆ ಯೂರಿಯಾದ ಖಾಲಿ ಚೀಲ ತುಂಬಿಟ್ಟಿದ್ದೆವು.

ಮರುದಿನ ಊರಿನ ಅಂಗಡಿಗೆ ಹೋದೆ. ಅಂಗಡಿಯವನು ನನಗಿಂತ ಸಣ್ಣವನು, ಮಾವ ಅಂತ ಕರೀತಾನೆ. ಅವನ ಅಂಗಡಿಯಲ್ಲಿ ಕುರ್ಕುರೆ ಸರ ಸರವಾಗಿ ತೂಗುಬಿಟ್ಟಿದೆ, ಬಿಸ್ಕಿಟ್ ಇದೆ, ಥಂಡಾ ಬಾಟಲಿ ಇದೆ, ನೂಡಲ್ಸ್ ಇದೆ, ಹಾಲಿನ ಪಾಕೀಟು ಮುಂಜಾನೆ ಬರುತ್ತದೆ. "ಜ್ವಾಳ ಯಾರು ತಗೋತಾರ ಮಾವ? ತಂದು ಇಟ್ರ ನುಸಿ ಹತ್ತತೈತಿ" ಅಂದ. ಗಟ್ಟಿನಲ್ಲಿ ಕೇಳಿದೆ. ಒಂದು ಕಡೆ ಇತ್ತು, ಹಳೆಯದು, ಮುಗ್ಗಲು ವಾಸನೆ. ಐಜದಲ್ಲಿ ಒಬ್ಬ ಕಿರಾಣಿಯವನು ಒಂದು ಕಿಲೋದ ಪಾಕೀಟು ತೋರಿಸಿದ, ಮೇಲೆ ತೆನೆಯ ಚಿತ್ರ, ಒಳಗೆ ಹಿಟ್ಟು. ಬೆಲೆ ಕೇಳಿ ಕೈ ಹಿಂದೆ ತೆಗೆದುಕೊಂಡೆ. ಮನೆಯಲ್ಲಿ ಮೂವತ್ತು ಕಿಲೋ ಅಕ್ಕಿ ಪುಕ್ಕಟೆ ಕೂತಿರುವಾಗ ಒಂದು ಕಿಲೋ ಜ್ವಾಳದ ಹಿಟ್ಟಿಗೆ ಅಷ್ಟು ಕೊಡಲು ಕೈ ಬರಲಿಲ್ಲ. ಕೊನೆಗೆ ಮತ್ತೆ ರಾಯಚೂರಿಗೇ ಹೋಗಿ ರಾಜೇಂದ್ರ ಗಂಜಿನಲ್ಲಿ ಅರ್ಧ ಚೀಲ ಬಿಳಿಜ್ವಾಳ ತಂದೆ. ಆಚೆ ರಾಜ್ಯದಿಂದ. ಅದು ಆಚೆ ರಾಜ್ಯ ಅನ್ನುವುದೂ ನಮ್ಮ ಕಡೆ ಹೊಸ ಮಾತೇ. 1956ರ ನವೆಂಬರ್‌ವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯ ವಿಂಗಡಣೆಯಾದಾಗ ಗದ್ವಾಲ, ಆಲಂಪುರ ಮಹಬೂಬನಗರಕ್ಕೆ ಬಂದವು, ರಾಯಚೂರು ಮೈಸೂರಿಗೆ ಹೋಯಿತು. ಅವ್ವನ ತವರು ಆ ಕಡೆ ಉಳಿಯಿತು, ಆಕೆ ಸೊಸೆಯಾಗಿ ಈ ಕಡೆ ಬಂದಳು.

ಜ್ವಾಳ ಬಂತು. ಬೀಸುವುದು ಎಲ್ಲಿ? ನಮ್ಮೂರ ಗಿರಣಿ ಇದೆ, ಆದರೆ ಅದರಲ್ಲಿ ಈಗ ಬೀಸುವುದು ಮೆಣಸಿನಕಾಯಿ, ಅರಿಷಿಣ, ಹಬ್ಬಕ್ಕೆ ಅಕ್ಕಿಹಿಟ್ಟು. ಗಿರಣಿಯವನು, "ಹಾಕ್ಲಿ ಏನು ಕಾಕಾ, ಆದ್ರ ರೊಟ್ಟಿ ತಿಂದವರು ಕಣ್ಣಾಗ ನೀರು ತಂದ್ರ ನನ್ನ ಕೇಳಬ್ಯಾಡ" ಅಂದ. ಐದು ಕಿಲೋ ಚೀಲ ಬೈಕಿನ ಮುಂದೆ ಇಟ್ಟುಕೊಂಡು ಮತ್ತೆ ಗಟ್ಟಿಗೆ ಹೋಗಿ ಬೀಸಿಸಿಕೊಂಡು ಬಂದೆ. ಜ್ವಾಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಎಂಟು ದಿನಕ್ಕಾಗುವಷ್ಟೇ ಬೀಸಿಸುತ್ತಿದ್ದರು. ಎಂಟು ದಿನಕ್ಕೊಮ್ಮೆ ಗಟ್ಟಿಗೆ ಹೋಗಿ ಬರುವ ಪೆಟ್ರೋಲು ಯಾರು ಲೆಕ್ಕ ಹಿಡೀತಾರೆ?

ಹಿಟ್ಟೂ ಬಂತು. ಬಡಿಯುವವರು ಯಾರು? ನನ್ನ ಹೆಂಡತಿಗೆ ಬರುತ್ತದೆ, ಆದರೆ ಅದು ಹತ್ತಿ ಹೂವಿನ ಕಾಲ. ಸೀಡ್ ಹತ್ತಿ ಮಾಡದವರಿಗೆ ಒಂದು ಮಾತು ಹೇಳಬೇಕು. ಇದು ಬರೀ ಹತ್ತಿ ಅಲ್ಲ, ಬೀಜದ ಕಂಪನಿಗಳಿಗೆ ಹೈಬ್ರಿಡ್ ಬೀಜ ಮಾಡಿಕೊಡುವ ಬೆಳೆ. ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಮಧ್ಯಾಹ್ನದಿಂದ ಸಂಜೆವರೆಗೆ, ನಾಳೆ ಅರಳುವ ಮೊಗ್ಗು ನೋಡಿ, ಹೆಣ್ಣು ಗಿಡದ ಮೊಗ್ಗಿನೊಳಗಿನ ಗಂಡುಭಾಗವನ್ನು ಉಗುರಿನಿಂದ ಸುಲಿದು ತೆಗೆಯಬೇಕು. ಮರುದಿನ ಮುಂಜಾನೆ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಒಂದೊಂದೇ ಹೂವು, ಕೈಯಿಂದಲೇ. ಒಂದು ದಿನ ಬಿಟ್ಟರೆ ಆ ದಿನದ ಹೂವು ತಾನೇ ಕಾಯಿ ಕಟ್ಟಿ ಬೀಜ ಬೆರಕೆಯಾಗುತ್ತದೆ. ಹೀಗೆ ಎರಡು ಮೂರು ತಿಂಗಳು ಬಿಡುವಿಲ್ಲ. 1970ರಲ್ಲಿ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಎಚ್-4 ಅನ್ನುವ ಹೈಬ್ರಿಡ್ ಹತ್ತಿ ತಂದರು, 1972ರಲ್ಲಿ ನಮ್ಮ ಧಾರವಾಡದಲ್ಲಿ ಕಾತರಕಿಯವರು ವರಲಕ್ಷ್ಮಿ ಮಾಡಿದರು. ದೇಶಕ್ಕೆಲ್ಲ ಬಟ್ಟೆಯಾಯಿತು, ಒಳ್ಳೆಯದು. ಆ ಬೀಜ ಮಾಡುವ ಕೈಗಳು ಮಾತ್ರ ನಮ್ಮ ಕಡೆಯವು.

ದಿನವಿಡೀ ಮೊಗ್ಗು ಸುಲಿದ ಕೈಗೆ ರಾತ್ರಿ ಬೆರಳ ತುದಿ ಉರಿಯುತ್ತದೆ. ಆ ಕೈಯಿಂದ ಬಿಸಿ ಹಿಟ್ಟು ನಾದಿ ರೊಟ್ಟಿ ಬಡಿ ಅಂತ ಹೇಳುವುದು ಹೇಗೆ? ಕುಕ್ಕರಿನಲ್ಲಿ ಅಕ್ಕಿ ಇಟ್ಟರೆ ಮೂರು ಸೀಟಿ, ಮುಗೀತು. ಅಕ್ಕಿ ನಮ್ಮ ಮನೆಯೊಳಗೆ ಬಂದದ್ದು ಬರೀ ಸರ್ಕಾರ ಕೊಟ್ಟಿತು ಅಂತಲ್ಲ, ಹೆಂಗಸರಿಗೆ ಹೊತ್ತೇ ಉಳಿಯಲಿಲ್ಲ ಅಂತಲೂ ಹೌದು. ಇದನ್ನು ನಾನು ಅರವತ್ತರ ಹತ್ತಿರ ಬಂದ ಮೇಲೆ ತಿಳಿದುಕೊಂಡೆ.

ಐಜಕ್ಕೆ ಕೊಟ್ಟ ಮಗಳು ಆ ದಸರೆಗೆ ಬಂದಿದ್ದಳು. ನೀನಾದರೂ ಅಜ್ಜಿಗೆ ನಾಲ್ಕು ರೊಟ್ಟಿ ಬಡಿಯವ್ವಾ ಅಂದೆ. ಅವಳು ಒಲೆಯ ಮುಂದೆ ಕೂತು ಒಂದು ಮಾತು ಅಂದಳು. "ನನಗ ರೊಟ್ಟಿ ಬಡ್ಯಾದು ಯಾರು ಕಲಿಸಿದ್ರಪ್ಪಾ? ನೀವು ಕಲಿಸಿದ್ದು ಹೂವ ಮುಟ್ಟಿಸಾದು."

ನನಗೆ ಉತ್ತರ ಇರಲಿಲ್ಲ. ಅವಳು ಏಳನೇ ತರಗತಿಯಲ್ಲಿದ್ದಾಗ ಎರಡು ವರ್ಷ ಹೂವಿನ ಕಾಲಕ್ಕೆ ಸಾಲಿ ಬಿಡಿಸಿದವನು ನಾನೇ. ಹತ್ತಿ ಗಿಡದ ಎತ್ತರಕ್ಕೆ ಮಕ್ಕಳ ಎತ್ತರ ಸರಿಯಾಗುತ್ತದೆ, ಬಗ್ಗಬೇಕಾಗಿಲ್ಲ ಅಂತ ಎಲ್ಲರೂ ಅನ್ನುತ್ತಿದ್ದರು, ನಾನೂ ಅಂದೆ. ಆರ್ಗನೈಸರ್ ಕೊಟ್ಟ ಅಡ್ವಾನ್ಸಿನಲ್ಲಿ ಬೋರು ಹಾಕಿಸಿದ್ದೆ, ಅದು ತೀರಬೇಕಿತ್ತು. ಎರಡು ವರ್ಷ ತಪ್ಪಿದ ಸಾಲಿ ಆಮೇಲೆ ಕೂಡಿಕೊಳ್ಳಲೇ ಇಲ್ಲ. ಓದು ಬರಹದಲ್ಲಿ ಗಟ್ಟು ಹಿಂದುಳಿದ ಮಂಡಲ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಊರವರು ಸರ್ಕಾರವನ್ನು ಬೈತಾರೆ. ನಾನು ಆ ಪುಟ ಮಡಚಿ ಇಡ್ತೀನಿ. ಆ ಲೆಕ್ಕದಲ್ಲಿ ಒಂದು ಹೆಸರು ನಾನು ಸೇರಿಸಿದ್ದು.

ಅಕ್ಕಿಯನ್ನು ಬೈಯುವ ಹಕ್ಕೂ ನನಗಿಲ್ಲ. 1972ರ ಬರದಲ್ಲಿ ನನಗೆ ಏಳು ವರ್ಷ. ಗಂಜಿ ಕೇಂದ್ರದ ಮುಂದೆ ತಟ್ಟೆ ಹಿಡಿದು ಕೂತದ್ದು, ಮುಂದಿನವನ ಬೆನ್ನು ನೋಡುತ್ತಾ ಕೂತದ್ದು ನೆನಪಿದೆ. ಅವ್ವ ರಸ್ತೆ ಕೆಲಸಕ್ಕೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಅಪ್ಪ ಪಾಲಮೂರು ಲೇಬರಿನಲ್ಲಿ ಒಬ್ಬ, ಎಲ್ಲೆಲ್ಲಿಯದೋ ಅಣೆಕಟ್ಟಿಗೆ ಮಣ್ಣು ಹೊತ್ತ. ನಮ್ಮ ಗಟ್ಟಿನ ಎತ್ತರಕ್ಕೆ ಮಾತ್ರ ಯಾವ ಅಣೆಕಟ್ಟಿನ ಕಾಲುವೆಯೂ ಹತ್ತಲಿಲ್ಲ. ಹತ್ತಿರದಲ್ಲೇ ಕೃಷ್ಣೆಗೆ ಜುರಾಲಾ ಕಟ್ಟಿದರು, ಅದರ ನೀರು ತಗ್ಗಿಗೆ ಹೋಯಿತು. ಗಟ್ಟು ಎತ್ತಿಪೋತಕ್ಕೆ ಅಡಿಗಲ್ಲು ಬಿದ್ದದ್ದು 2018ರಲ್ಲಿ.

1983ರಲ್ಲಿ ಎನ್.ಟಿ. ರಾಮರಾವ್ ಬಂದರು, ಕಿಲೋಕ್ಕೆ ಎರಡು ರೂಪಾಯಿ ಅಕ್ಕಿ ಕೊಟ್ಟರು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಅಕ್ಕಿ ಅಂದರೆ ಹಬ್ಬ, ಇಲ್ಲಾಂದರೆ ಜ್ವರ. ಮೊದಲ ಸಲ ಇಪ್ಪತ್ತೈದು ಕಿಲೋ ಚೀಲ ಹೊತ್ತು ತಂದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ಓಣಿಯಲ್ಲಿ ಎಲ್ಲರ ಮನೆಯಿಂದ ಅನ್ನ ಬೇಯುವ ವಾಸನೆ. "ಗೌಡರ ಮನಿ ಊಟ ನಮ್ಮ ಮನಿಗೆ ಬಂತು" ಅಂತ ಅಪ್ಪ ಅಂದ. ಹಸಿದವರಿಗೆ ಅದು ದೊಡ್ಡದು, ಇವತ್ತಿಗೂ ದೊಡ್ಡದು. ಆ ಅಕ್ಕಿ ಇಲ್ಲದಿದ್ದರೆ ನಮ್ಮ ಓಣಿಯ ಅರ್ಧ ಜನ ಊರು ಬಿಟ್ಟವರು ತಿರುಗಿ ಬರುತ್ತಿರಲಿಲ್ಲ.

ಆದರೆ ಅಕ್ಕಿ ಬಂದ ಬಾಗಿಲಿನಿಂದಲೇ ಬೇರೆ ಏನೇನು ಹೊರಗೆ ಹೋಯಿತು ಅನ್ನುವುದನ್ನು ಯಾರೂ ನೋಡಲಿಲ್ಲ. ಆಗ ನಮ್ಮ ಮಸಾರಿ ಹೊಲದಲ್ಲಿ ಮುಂಗಾರಿಗೆ ಹಳದಿ ಜ್ವಾಳ, ಸಜ್ಜೆ, ನವಣೆ. ಎರೆಯ ತುಂಡಿನಲ್ಲಿ ಹಿಂಗಾರಿಗೆ ಬಿಳಿಜ್ವಾಳ. ಜ್ವಾಳ ಅಂದರೆ ಬರೀ ಜ್ವಾಳ ಬಿತ್ತುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ, ಹೆಸರು, ಮಡಿಕೆ, ಬದುವಿಗೆ ಪುಂಡಿ, ನಡುನಡುವೆ ಗುರೆಳ್ಳು. ಕಳೆ ಅಂತ ಕಿತ್ತದ್ದರಲ್ಲಿ ಅರ್ಧ ಸಂಜೆಗೆ ಪಲ್ಯ. ಗೋಳಿ ಸೊಪ್ಪು, ಹತ್ತರಕಿ, ಕಿರಕಸಾಲಿ. ಅವ್ವ ಹೊಲಕ್ಕೆ ಹೋಗಿ ಬರುವಾಗ ಸೆರಗು ಖಾಲಿ ಇದ್ದದ್ದು ನಾನು ನೋಡಿಲ್ಲ. ಈಗ ಹತ್ತಿಯ ಸಾಲಿನಲ್ಲಿ ಕಳೆನಾಶಕ ಉಳಿಸಿದ ಜಾಗದಲ್ಲಿ ಅದೇ ಗೋಳಿ ಸೊಪ್ಪು ಚಿಗುರುತ್ತದೆ, ದಪ್ಪಗೆ, ಚಂದಾಗಿ. ಮುಟ್ಟುವ ಹಾಗಿಲ್ಲ. ವಾರಕ್ಕೊಮ್ಮೆ ಹೊಡೆಯುವ ಎಣ್ಣೆ ಅದರ ಮೇಲೂ ಬಿದ್ದಿರುತ್ತದೆ. ಡಾಕ್ಟರು ಸೊಪ್ಪು ಕೊಡಿ ಅಂದ ಮೇಲೆ ಅವ್ವ ಒಂದು ದಿನ ಅದನ್ನೇ ಕಿತ್ತು ತಂದಿದ್ದಳು. ಬುಟ್ಟಿಯೊಂದಿಗೆ ತಿಪ್ಪೆಗೆ ಹಾಕಿದೆ. ಆಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇನ್ನು ದನದ ಮಾತು. ಜ್ವಾಳ ಹೋದರೆ ಕಣಿಕೆ ಹೋಗುತ್ತದೆ, ಕಣಿಕೆ ಹೋದರೆ ಎತ್ತು ಹೋಗುತ್ತವೆ, ಎಮ್ಮೆ ಹೋಗುತ್ತದೆ. ಹತ್ತಿ ಕಟ್ಟಿಗೆಯನ್ನು ದನ ತಿನ್ನುವುದಿಲ್ಲ. ನಮ್ಮ ಕೊನೆಯ ಎಮ್ಮೆ ಮಾರಿದ ವರ್ಷವೇ ಅಂಗಡಿಗೆ ಹಾಲಿನ ಪಾಕೀಟು ಬರಲು ಶುರುವಾಯಿತು. ಎಳ್ಳಮಾಸೆಗೆ ಈಗಲೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಎಲ್ಲ ಕೊಂಡು ತಂದದ್ದು, ಚೆಲ್ಲುವುದು ಹತ್ತಿ ಗಿಡಕ್ಕೆ. ಭೂಮಿತಾಯಿ ಏನಂದುಕೊಳ್ಳುತ್ತಾಳೋ.

ಅವ್ವನ ತವರಿನ ಕಡೆಯ ಒಬ್ಬ ಹುಡುಗ, ನನಗೆ ಅಳಿಯನಾಗಬೇಕು, ಅಮೆರಿಕದಲ್ಲಿದ್ದಾನೆ. ಒಂದು ಭಾನುವಾರ ಫೋನಿನಲ್ಲಿ ಈ ಜ್ವಾಳದ ಕತೆ ಹೇಳಿದೆ. ಅವನು, "ಮಾವ, ಇದಕ್ಕ ಇಲ್ಲಿ ಒಂದು ಹೆಸರೈತಿ, ಆಹಾರದ ಮರುಭೂಮಿ ಅಂತಾರ" ಅಂದ. ಮೊದಲು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮಾತಂತೆ. ಅಮೆರಿಕದ ಕೃಷಿ ಇಲಾಖೆಯವರು ಹಳ್ಳಿಗಾಡಿಗೆ ಒಂದು ಅಳತೆ ಇಟ್ಟಿದ್ದಾರೆ: ದೊಡ್ಡ ದಿನಸಿ ಅಂಗಡಿ ಹತ್ತು ಮೈಲಿಗಿಂತ ದೂರ ಇದ್ದರೆ ಅಲ್ಲಿಯ ಜನಕ್ಕೆ ಆಹಾರ ದೂರ ಅಂತ ಲೆಕ್ಕ. ಸುತ್ತ ಮೈಲುಗಟ್ಟಲೆ ಜೋಳ, ಸೋಯಾ ಬೆಳೆದಿರುತ್ತದೆ, ನಡುವೆ ಇರುವ ಊರಿನವರು ತರಕಾರಿಗೆ ಕಾರಿನಲ್ಲಿ ಅರ್ಧ ತಾಸು ಹೋಗುತ್ತಾರೆ, ಊರಲ್ಲಿ ಇರುವುದು ಪಾಕೀಟು ಮಾರುವ ಅಂಗಡಿ ಅಂದ. ನಾನು ನಮ್ಮ ಅಂಗಡಿಯ ಕುರ್ಕುರೆ ಸರ ನೆನೆಸಿಕೊಂಡೆ. ಅವರದು ಮೈಲಿಯ ಲೆಕ್ಕ. ನಮ್ಮ ಲೆಕ್ಕಕ್ಕೆ ಮೈಲಿ ಸಾಲದು ಅನ್ನಿಸಿತು. ಜ್ವಾಳಕ್ಕೆ ರಾಯಚೂರು, ಬೀಸಲು ಗಟ್ಟು, ಬಡಿಯುವ ಕೈ ಹತ್ತಿ ಹೊಲದಲ್ಲಿ. ಇದನ್ನೆಲ್ಲ ಯಾವ ಟೇಪಿನಲ್ಲಿ ಅಳೆಯುವುದು?

ಆ ಹಿಂಗಾರಿಗೇ ಒಂದು ನಿರ್ಧಾರ ಮಾಡಿದೆ. ಎರೆಯ ತುಂಡಿನಲ್ಲಿ ಇಪ್ಪತ್ತು ಗುಂಟೆ ಹತ್ತಿ ಕಿತ್ತು ಹಾಕಿ ಬಿಳಿಜ್ವಾಳ ಬಿತ್ತಿದೆ. ಬೀಜ ಮಾವನ ಮಗ ಕೊಟ್ಟ. ಅವ್ವನನ್ನು ಹೊಲದ ದಂಡೆಗೆ ಕರೆದುಕೊಂಡು ಹೋಗಿ ಕೂಡಿಸಿದೆ, ಆಕೆ ಕೂತಲ್ಲಿಂದಲೇ ಸಾಲು ದೂರ ಆಯ್ತು, ಹತ್ತಿರ ಆಯ್ತು ಅಂತ ಹೇಳುತ್ತಿದ್ದಳು. ಮಗ ಸಿಟ್ಟಾದ. "ಅಜ್ಜಿಗೆ ಬೇಕಾದ್ದು ದಿನಕ್ಕ ಎರಡು ರೊಟ್ಟಿ. ಅದಕ್ಕ ಅರ್ಧ ಎಕರೆ ಹಾಳು ಮಾಡ್ತಿ" ಅಂದ. ಅವನ ಲೆಕ್ಕವೂ ತಪ್ಪಲ್ಲ. ಹತ್ತಿಯ ದುಡ್ಡು ಬೀಜದ ಪರೀಕ್ಷೆ ಪಾಸಾಗಿ ತಡವಾಗಿ ಬಂದರೂ ಬರುತ್ತದೆ. ಜ್ವಾಳ ಮಾರಿ ಯಾರು ಬೋರು ಹಾಕಿಸಿದ್ದಾರೆ?

ಜ್ವಾಳ ಚಂದಾಗಿ ಬಂತು. ಹಾಲುಗಾಳಾಯಿತು. ಅವ್ವ ಸೀತೆನಿ ಸುಡಿಸಿಕೊಂಡು ತಿಂದಳು, ಇಪ್ಪತ್ತು ವರ್ಷದ ಮೇಲೆ ಅಂದಳು. ಆಮೇಲೆ ಹಕ್ಕಿ ಬಂದವು. ಗುಬ್ಬಿ, ಗಿಳಿ, ಬೆಳವ, ಹೆಸರು ಗೊತ್ತಿಲ್ಲದವೂ. ಮುಂಚೆ ಊರ ಸುತ್ತ ಎಲ್ಲರ ಹೊಲದಲ್ಲೂ ತೆನೆ ಇರುತ್ತಿತ್ತು, ಹಕ್ಕಿ ಎಲ್ಲರಲ್ಲೂ ಒಂದೊಂದು ಕಾಳು ತಿಂದು ಹೋಗುತ್ತಿದ್ದವು. ಈಗ ಹರದಾರಿಗಟ್ಟಲೆ ಹತ್ತಿಯ ನಡುವೆ ಕಾಳಿರುವ ಜಾಗ ನನ್ನ ಇಪ್ಪತ್ತು ಗುಂಟೆ ಒಂದೇ. ಅವಕ್ಕೂ ಇದು ಮರುಭೂಮಿಯೇ ಅಲ್ಲವೇ? ಅಟ್ಟಣಿ ಹಾಕಿದೆ, ಕವಣೆ ಬೀಸಿದೆ, ಡಬ್ಬಿ ಬಡಿದೆ. ಈ ಕಡೆ ಎಬ್ಬಿಸಿದರೆ ಆ ಕಡೆ ಕೂರುತ್ತಿದ್ದವು. ಕೊಯ್ದಾಗ ಮೂವತ್ತು ಸೇರೂ ಆಗಲಿಲ್ಲ. ಮಗ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಅದೇ 2023. ಸಿರಿಧಾನ್ಯದ ವರ್ಷ ಅಂತ ವಿಶ್ವಸಂಸ್ಥೆ ಸಾರಿದ್ದ ವರ್ಷ, ಟಿವಿಯಲ್ಲಿ ದಿನಾ ಜ್ವಾಳ, ಸಜ್ಜೆಯ ಗುಣಗಾನ. ಒಬ್ಬ ಪರಿಚಯದವರ ಜೊತೆ ಜಹೀರಾಬಾದ್ ಹತ್ತಿರದ ಹಳ್ಳಿಗಳಲ್ಲಿ ನಡೆಯುವ ಹಳೆಯ ಬೆಳೆಗಳ ಜಾತ್ರೆ ನೋಡಲು ಹೋದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯವರು ನಡೆಸುತ್ತಾರೆ. ಸಂಕ್ರಾಂತಿಯಿಂದ ಶುರುವಾಗಿ ಸಿಂಗರಿಸಿದ ಬಂಡಿಗಳು ಬೀಜದ ಗಡಿಗೆ ಹೊತ್ತು ಊರೂರು ತಿರುಗುತ್ತವೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶರು ಮೈಸೂರಿನವರು, ನಮ್ಮ ಕನ್ನಡದವರು. ಅಲ್ಲಿನ ದಲಿತ ಹೆಂಗಸರು 1990ರ ದಶಕದಲ್ಲೇ ಒಂದು ಕೆಲಸ ಮಾಡಿದ್ದರು. ಬೀಳು ಬಿದ್ದ ಹೊಲಗಳಿಗೆ ಬೀಜ, ಗೊಬ್ಬರ, ಉಳುಮೆಗೆ ಸಾಲ ಕೊಟ್ಟು ಜ್ವಾಳ ಬೆಳೆಸಿದರು. ಸಾಲ ತೀರಿಸುವುದು ದುಡ್ಡಿನಲ್ಲಲ್ಲ, ಜ್ವಾಳದಲ್ಲಿ. ಹಾಗೆ ಕೂಡಿದ ಜ್ವಾಳವನ್ನು ಊರಲ್ಲೇ ಇಟ್ಟು, ಯಾರ ಮನೆಯಲ್ಲಿ ನಿಜವಾಗಿ ಕಡಿಮೆ ಇದೆ ಅಂತ ಊರವರೇ ಕೂತು ಗುರುತಿಸಿ, ಮಳೆಗಾಲದಲ್ಲಿ ಕಡಿಮೆ ದರಕ್ಕೆ ಅವರಿಗೆ ಕೊಟ್ಟರು. ರೇಷನ್ ಅಂಗಡಿಯೇ, ಆದರೆ ಕಾಳು ಅದೇ ಊರಿನ ಹೊಲದ್ದು. ನಾನು ಅಲ್ಲಿ ಒಬ್ಬ ಮುದುಕಿಗೆ ನನ್ನ ಹಕ್ಕಿಯ ಕತೆ ಹೇಳಿದೆ. ಆಕೆ ನಕ್ಕು, ತೆಲುಗಿನಲ್ಲಿ, "ಒಬ್ಬನೇ ಬಿತ್ತಿದರೆ ಹಕ್ಕಿಗೆ, ಹತ್ತು ಜನ ಬಿತ್ತಿದರೆ ಮನೆಗೆ" ಅಂದಳು. ನಾವು ಬಂದ ಮೇಲೆ ಮಾರ್ಚಿನಲ್ಲಿ ಸತೀಶರು ತೀರಿಕೊಂಡರು ಅಂತ ಪೇಪರಿನಲ್ಲಿ ಓದಿದೆ.

ಅಲ್ಲಿಂದ ಬಂದು ಹತ್ತು ಜನರನ್ನು ಹುಡುಕಿದೆ. ಸಿಕ್ಕವರು ಇಬ್ಬರು. ಒಬ್ಬರ ಮನೆಯಲ್ಲಿ ಶುಗರ್, ಇನ್ನೊಬ್ಬರಿಗೆ ಇನ್ನೂ ಎರಡು ಎತ್ತು ಉಳಿದಿದ್ದವು, ಅವಕ್ಕೆ ಕಣಿಕೆ ಬೇಕಿತ್ತು. ಮೂರು ಜನ ಒಂದಕ್ಕೊಂದು ಹತ್ತಿಕೊಂಡ ತುಂಡುಗಳಲ್ಲಿ ಬಿತ್ತಿದೆವು, ಸರದಿಯ ಮೇಲೆ ಹಕ್ಕಿ ಕಾಯ್ದೆವು. ಆ ವರ್ಷ ನನ್ನ ಪಾಲಿಗೆ ಎರಡು ಕ್ವಿಂಟಲ್ ಬಂತು. ಗುಮ್ಮಿಯಿಂದ ಯೂರಿಯಾ ಚೀಲ ತೆಗೆದು, ಸೆಗಣಿಯಿಂದ ಸಾರಿಸಿ, ಬೇವಿನ ಸೊಪ್ಪು ಹಾಕಿ ತುಂಬಿದೆವು. ಅವ್ವ ಅವತ್ತು ಗುಮ್ಮಿಗೆ ಕುಂಕುಮ ಹಚ್ಚಿದಳು. ನನಗೆ 1983ರ ಅಕ್ಕಿ ಚೀಲ ನೆನಪಾಯಿತು.

2025ರ ಯುಗಾದಿಯಿಂದ ರೇಷನ್ನಿನಲ್ಲಿ ಸಣ್ಣಕ್ಕಿ ಕೊಡುತ್ತಿದ್ದಾರೆ. ದೊಡ್ಡಕ್ಕಿ ಇದ್ದಾಗ ಎಷ್ಟೋ ಮನೆಯವರು ಅದನ್ನು ಮಾರಿ ಸಣ್ಣಕ್ಕಿ ಕೊಳ್ಳುತ್ತಿದ್ದರು, ಈಗ ಅದು ನಿಂತಿದೆ, ಒಳ್ಳೆಯದೇ ಆಯಿತು. ಆದರೆ ಸಣ್ಣಕ್ಕಿ ಅನ್ನ ಬಾಯಿಗೆ ಹಿತ, ಜ್ವಾಳದ ಮಾತೆತ್ತಿದರೆ ಕೇಳುವವರು ಇನ್ನೂ ಕಡಿಮೆಯಾದರು. ಆರು ಕಿಲೋದಲ್ಲಿ ಎರಡು ಕಿಲೋ ಜ್ವಾಳ ಕೊಟ್ಟಿದ್ದರೆ, ಅದನ್ನು ಇಲ್ಲಿಯ ರೈತರ ಹತ್ತಿರವೇ ಕೊಂಡಿದ್ದರೆ ಅಂತ ನಾನು ಗ್ರಾಮಸಭೆಯಲ್ಲಿ ಒಂದು ಸಲ ಎದ್ದು ಹೇಳಿದೆ. ಹಿಂದೆ ಕೂತವನೊಬ್ಬ, "ನಿನಗ ಶುಗರ್ ಐತೇನು?" ಅಂದ. ಎಲ್ಲರೂ ನಕ್ಕರು. ನನಗಿಲ್ಲ ಅಂತ ಹೇಳಿ ಕೂತೆ.

ಅವ್ವನ ಬೆರಳು ಉಳಿಯಿತು. ಶುಗರ್ ಇದೆ, ಗುಳಿಗಿ ಇದೆ. ಮಧ್ಯಾಹ್ನ ಎರಡು ರೊಟ್ಟಿ, ಕಾಳಿನ ಪಲ್ಯ, ಗುರೆಳ್ಳು ಹಿಂಡಿ. ರಾತ್ರಿ ಒಂದು ಹಿಡಿ ಅನ್ನ ಬೇಕೇ ಬೇಕು ಅಂತ ಹಟ ಮಾಡುತ್ತಾಳೆ. ಹೂವಿನ ಕಾಲದಲ್ಲಿ ರೊಟ್ಟಿ ನಾನೇ ಬಡಿಯುತ್ತೇನೆ. ಹೌದು, ಕಲಿತೆ. ದುಂಡಗೆ ಬರುವುದಿಲ್ಲ, ಮೇಲಿಂದ ದಪ್ಪ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ. ಅವ್ವ ಹಲ್ಲಿಲ್ಲದ ಬಾಯಲ್ಲಿ ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ, ಹಾಲು ಪಾಕೀಟಿನದು. ಐಜದ ಮಗಳು ಹೋದ ತಿಂಗಳು ಬಂದಾಗ ನನ್ನ ಪಕ್ಕ ಕೂತು ತಾನೂ ಎರಡು ತಟ್ಟಿದಳು. ಅವಳದು ನನ್ನದಕ್ಕಿಂತ ತೆಳ್ಳಗೆ ಬಂತು. ಬೆರಳು ಚುರುಕು ಅವಳದು, ಅದು ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು, ಮಾತಾಡಲಿಲ್ಲ.

ಈ ವರ್ಷ ಇಪ್ಪತ್ತು ಗುಂಟೆ ಹದಿನೈದಕ್ಕೆ ಇಳಿದಿದೆ. ಐದು ಗುಂಟೆ ಮಗ ಸೀಡ್ ಹತ್ತಿಗೆ ತೆಗೆದುಕೊಂಡ, ಮೊಮ್ಮಗನ ಸಾಲಿ ಫೀಸಿಗೆ. ಬೇಡ ಅನ್ನಲು ಬಾಯಿ ಬರಲಿಲ್ಲ, ಸಾಲಿಯ ಹೆಸರು ಹೇಳಿದ ಮೇಲೆ. ಬಿತ್ತುವವರು ಮಾತ್ರ ಮೂವರಿಂದ ನಾಲ್ವರಾಗಿದ್ದೇವೆ. ಇಬ್ಬರು ಬರುತ್ತೇವೆ ಅಂದಿದ್ದರು, ಒಬ್ಬರು ಆರ್ಗನೈಸರ್ ಬಂದು ಹೋದ ಮೇಲೆ ಹಿಂದೆ ಸರಿದರು.

ನಮ್ಮೂರ ಗಿರಣಿಯವನ ಹತ್ತಿರ ಮಾತಾಡಿದ್ದೇನೆ. ಹತ್ತು ಮನೆಯಾದರೆ ಶುಕ್ರವಾರ ಕಲ್ಲು ತೊಳೆದು, ಆವತ್ತು ಮೆಣಸಿನಕಾಯಿ ಹಾಕದೆ, ಬರೀ ಜ್ವಾಳ ಬೀಸಿಕೊಡುತ್ತೇನೆ ಅಂದಿದ್ದಾನೆ. ಈವರೆಗೆ ಏಳು ಮನೆಯಾಗಿವೆ. ಜ್ವಾಳ ಬೆಳೆದದ್ದೇ ಆಗಬೇಕಿಲ್ಲ, ರಾಯಚೂರಿನಿಂದ ತಂದದ್ದಾದರೂ ನಡೆಯುತ್ತದೆ. ಇದನ್ನು ಓದುವವರಲ್ಲಿ ನಮ್ಮ ದೊಡ್ಡಿಯವರು ಇದ್ದರೆ ವಾಚನಾಲಯದಲ್ಲಿ ಹೆಸರು ಬರೆಸಿ. ಮೂರು ಮನೆ ಬೇಕು.